ಮೊದಲ ಗುಟುಕು

ಮೇ 6, ಮಂಗಳವಾರ

ಎಲ್ಬಿಯೋ ಈ ತಿಂಗಳೂ ಕ್ಲಿನಿಕ್ಕಿಗೆ ಹದಿನೈದು ಕ್ಯಾಪ್ಸೂಲ್ ಉಳಿಸಿ ತಂದಿದ್ದಾನೆ. ಟ್ರೇಗೆ ಸುರಿದು ಎರಡೆರಡಾಗಿ ಎಣಿಸಿದೆ. ಕೊಟ್ಟಿದ್ದು ಮೂವತ್ತೈದು, ಇಪ್ಪತ್ತೆಂಟು ದಿನಕ್ಕೆ. ಏಳು ಉಳಿಯಬೇಕಿತ್ತು. ಮರೆತಿದ್ದಾನೆ. ಮರೆವಿಗೇ ಔಷಧಿ ಕೊಡುತ್ತಿದ್ದೇವೆ, ಬೈಯುವುದಾದರೂ ಯಾರನ್ನು?

ಅವನ ತಮ್ಮ ವಾಷಿಂಗ್ಟನ್‌ನ ಬಾಟಲಿಯಲ್ಲೂ ಹದಿನೈದೇ. ಮರೆಯುವುದರಲ್ಲೂ ಜೊತೆ.

ಒಂದೇ ಮನೆಯ ಇಬ್ಬರನ್ನು ಈ ಔಷಧಿ ಅಧ್ಯಯನಕ್ಕೆ ಸೇರಿಸಬಾರದು ಅಂತ ನಿಯಮ. ಇವರಿಬ್ಬರಿಗೆ ಅಪ್ಪ ಬೇರೆ, ಅಡ್ಡಹೆಸರು ಬೇರೆ. ಅಜ್ಜಿ ದೋನ್ಯಾ ಇರ್ಮಾ ಕೈ ಹಿಡಿದು ಕೇಳಿಕೊಂಡರು. ಒಬ್ಬನಿಗೆ ಅಜ್ಜಿಯ ವಿಳಾಸ, ಇನ್ನೊಬ್ಬನಿಗೆ ಚಿಕ್ಕಮ್ಮನ ವಿಳಾಸ ಬರೆದೆ. ಒಬ್ಬನನ್ನು ಒಳಗೆ ಕರೆದು ಇನ್ನೊಬ್ಬನ ಮುಖಕ್ಕೆ ಬಾಗಿಲು ಹಾಕಲು ನನ್ನಿಂದ ಆಗಲಿಲ್ಲ.

ಅರ್ಧ ಹುಡುಗರಿಗೆ ಗಮನದ ಔಷಧಿ, ಅರ್ಧ ಹುಡುಗರಿಗೆ ಬರೀ ಹಿಟ್ಟು. ಕ್ಯಾಪ್ಸೂಲ್ ಒಂದೇ ಥರ, ನೀಲಿ-ಬಿಳಿ. ಯಾರಿಗೆ ಯಾವುದು, ನನಗೆ ಗೊತ್ತಿಲ್ಲ. ಡಾಕ್ಟರ್ ಎಚೆವೆರಿಗೂ ಗೊತ್ತಿಲ್ಲ. ಆದರೆ ಕಣ್ಣಿದ್ದವರಿಗೆ ಎಲ್ಬಿಯೋ ವಿಷಯ ತಿಳಿಯುತ್ತದೆ. ಏಳು ವಾರದಿಂದ ಸೇದುವ ಆ ಹಳದಿ ಮಾದಕ ಪುಡಿ ಮುಟ್ಟಿಲ್ಲ. ಮೂತ್ರ ಪರೀಕ್ಷೆ ಚೊಕ್ಕ. ಮೇಷ್ಟ್ರು ಅವನನ್ನು ಹೊಗಳಿ ಚೀಟಿ ಕಳಿಸಿದ್ದಾರೆ. ಹಿಟ್ಟು ತಿಂದು ಹೀಗಾಗುತ್ತದೆಯೇ?

ಮನೆಗೆ ಬಂದರೆ ಬಚ್ಚಲಲ್ಲಿ ನಲ್ಲಿಯೇ ಇಲ್ಲ. ಮಗ ನಹುಯೆಲ್ ಬಿಚ್ಚಿ ಮಾರಿದ್ದಾನೆ. ಪೈಪಿನ ಬಾಯಿಗೆ ಬಟ್ಟೆ ತುರುಕಿದ್ದಾನೆ. ಅಷ್ಟು ಕಾಳಜಿ!

ಮೇ 8, ಗುರುವಾರ

ಶಾಲೆಯಿಂದ ಮೂರನೇ ಪತ್ರ. "ನಿಮ್ಮ ಮಗ ಐದು ನಿಮಿಷ ಕೂರುವುದಿಲ್ಲ." ಆರು ವರ್ಷದವನಿದ್ದಾಗಿನಿಂದ ಕೂತಿಲ್ಲ. ಈಗ ಹದಿನಾರು. ಮೊದಲು ಗಾಂಜಾ, ಕಳೆದ ಬೇಸಿಗೆಯಿಂದ ಪುಡಿ. ಕೆನ್ನೆ ಒಳಗೆ ಹೋಗಿದೆ. ಬೆರಳ ತುದಿ ಸುಟ್ಟಿದೆ. ನಮ್ಮ ಬೀದಿಯಲ್ಲಿ ಇಬ್ಬರನ್ನು ಹೂತಾಗಿದೆ, ಇಬ್ಬರೂ ಅವನ ಕ್ಲಾಸಿನವರು. ಮೂರನೆಯವನು ಯಾರು?

ಮಾರ್ಚಿನಲ್ಲೇ ಇವನನ್ನೂ ಅಧ್ಯಯನಕ್ಕೆ ಸೇರಿಸಿ ಅಂತ ಡಾಕ್ಟರನ್ನು ಕೇಳಿದ್ದೆ. ಸಿಬ್ಬಂದಿಯ ಮಕ್ಕಳನ್ನು ಸೇರಿಸುವ ಹಾಗಿಲ್ಲ ಅಂದರು. ದೊಡ್ಡಾಸ್ಪತ್ರೆಯ ಪಟ್ಟಿಗೆ ಹೆಸರು ಬರೆಸಿದ್ದಾರೆ. ಏಳು ತಿಂಗಳು ಕಾಯಬೇಕು.

ಏಳು ತಿಂಗಳಲ್ಲಿ ಮನೆಯಲ್ಲಿ ಬಾಗಿಲೂ ಇರುವುದಿಲ್ಲ.

ಮೇ 9, ಶುಕ್ರವಾರ, ರಾತ್ರಿ

ಮಾಡಿಬಿಟ್ಟೆ.

ಎಲ್ಬಿಯೋ ವಾಪಸು ಕೊಟ್ಟ ಮೂರು ತಿಂಗಳ ಮೂರು ಬಾಟಲಿಗಳೂ ಕಪಾಟಿನಲ್ಲೇ ಇವೆ. ಪರಿಶೀಲನೆಯವರು ಬರುವುದು ಜುಲೈನಲ್ಲಿ. ಎಲ್ಲರೂ ಊಟಕ್ಕೆ ಹೋಗಿದ್ದರು. ಒಂದೊಂದರಿಂದ ಎಂಟೆಂಟು ತೆಗೆದೆ. ರಿಜಿಸ್ಟರಿನಲ್ಲಿ ಹದಿನೈದು ಇದ್ದದ್ದನ್ನು ಏಳು ಮಾಡಿದೆ. ಇಪ್ಪತ್ನಾಲ್ಕು ಕ್ಯಾಪ್ಸೂಲ್ ಥರ್ಮಾಮೀಟರ್ ಡಬ್ಬಿಯಲ್ಲಿ. ಎಲ್ಬಿಯೋ ಈಗ ಕಾಗದದ ಮೇಲೆ ಒಂದು ದಿನವೂ ಮರೆಯದ ಹುಡುಗ.

ಹನ್ನೊಂದು ವರ್ಷ ಈ ಕ್ಲಿನಿಕ್ಕಿನಲ್ಲಿ ಒಂದು ಹತ್ತಿಯ ಉಂಡೆಯನ್ನೂ ಮನೆಗೆ ತಂದವಳಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಬಸ್ಸಿನಲ್ಲಿ ಡಬ್ಬಿ ಅಲುಗಾಡಿ ಸದ್ದಾಗುತ್ತಿತ್ತು... ಪಕ್ಕದ ಹೆಂಗಸು ನೋಡಿದಳು. ನೋಡಿದಳೋ ಇಲ್ಲವೋ.

ಮೇ 12, ಸೋಮವಾರ, ಬೆಳಿಗ್ಗೆ 6.40

ಕೇಳಿದರೆ ನುಂಗುವವನಲ್ಲ. "ನಾನೇನು ಹುಚ್ಚನಾ?" ಅನ್ನುತ್ತಾನೆ. ಹೇಳದೆಯೇ ಕೊಡಬೇಕು.

ಯೆರ್ಬಾ ಕಷಾಯದಲ್ಲಿ ಹಾಕಲಾಗದು. ಸೋರೆಬುರುಡೆಗೆ ಎಲೆ ತುಂಬಿ ಬಿಸಿನೀರು ಹೊಯ್ದವರೇ ಕೊಳವೆಯಿಂದ ಮೊದಲ ಗುಟುಕು ಕುಡಿಯಬೇಕು. ಕಹಿಯೂ ಅವರಿಗೇ, ವಿಷವಿದ್ದರೆ ಅದೂ ಅವರಿಗೇ. ಆಮೇಲೆ ಮುಂದಿನವರಿಗೆ. ಅವನ ಅಪ್ಪ ಆರಿಯೆಲ್ ಇದನ್ನು ಮೂರು ವರ್ಷದ ಮಗುವಿಗೆ ಕಲಿಸಿದ್ದ. ನಾನು ಮೊದಲು ಕುಡಿಯದಿದ್ದರೆ ನಹುಯೆಲ್ ತಕ್ಷಣ ಗಮನಿಸುತ್ತಾನೆ. ಬೇರೇನನ್ನೂ ಗಮನಿಸದವನು ಇದನ್ನು ಗಮನಿಸುತ್ತಾನೆ.

ಕಾಫಿಗೆ ಆ ನಿಯಮವಿಲ್ಲ. ಕ್ಯಾಪ್ಸೂಲ್ ಬಿಚ್ಚಿ ಹಾಲು-ಕಾಫಿಗೆ ಸುರಿದೆ. ಮೂರು ಚಮಚ ಸಕ್ಕರೆ. ಅವನು ಕುಡಿದು ಮುಗಿಸುವವರೆಗೆ ಎದುರಿಗೇ ಕೂತಿದ್ದೆ.

"ಏನಮ್ಮ, ಪೊಲೀಸ್ ಥರ ಕಾಯ್ತಿದ್ದೀಯಾ?" ಅಂದ.

ನನ್ನ ಕಾಫಿ ಆರಿಹೋಯಿತು.

ಮೇ 23, ಶುಕ್ರವಾರ

ಶಾಲೆಯ ದಿನ ಮಾತ್ರ ಕೊಡುತ್ತಿದ್ದೇನೆ. ಬೇಗ ಮುಗಿಯಬಾರದಲ್ಲ. ನಿನ್ನೆ ಅವನು ಗಣಿತದ ಪುಸ್ತಕ ಹಿಡಿದು ನಲವತ್ತು ನಿಮಿಷ ಕೂತ. ಗಡಿಯಾರ ನೋಡಿಕೊಂಡೇ ಇದ್ದೆ, ಉಸಿರು ಬಿಟ್ಟರೆ ಎದ್ದುಬಿಡುತ್ತಾನೇನೋ ಅಂತ.

ಕ್ಯಾಲೆಂಡರಿನಲ್ಲಿ ಇಪ್ಪತ್ತನೇ ತಾರೀಖಿನಿಂದ ದಿನಕ್ಕೊಂದು ಸಣ್ಣ ಗೀಟು. ಏನೆಂದು ಕೇಳಲಿಲ್ಲ. ಗೊತ್ತು.

ಸಂತೋಷಪಡಲು ಹೆದರಿಕೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಡಾಕ್ಟರ್ ಎಚೆವೆರಿ "ಮಿರ್ತಾ" ಅಂತ ಕರೆದರೆ ಸಾಕು, ಬೆವರುತ್ತೇನೆ. ಇವತ್ತು ಕರೆದದ್ದು ಸ್ಟೇಪ್ಲರ್ ಎಲ್ಲಿ ಅಂತ ಕೇಳಲು.

ಜೂನ್ 3, ಮಂಗಳವಾರ

ಎಲ್ಬಿಯೋ ಭೇಟಿ. ಮತ್ತೆ ಹದಿನೈದು. ಎಂಟು ತೆಗೆದೆ. ಈ ಸಲ ಬಾಗಿಲ ಕಡೆ ನೋಡಲೂ ಇಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

ಮಧ್ಯಾಹ್ನ ಹೊಸ ತಾಯಿಯೊಬ್ಬಳ ಅರ್ಜಿ ತುಂಬಿಸಿದೆ. ಹದಿನಾಲ್ಕನೇ ಪ್ರಶ್ನೆ: ಕುಟುಂಬದಲ್ಲಿ ಯಾರಾದರೂ ನಲವತ್ತರೊಳಗೆ ದಿಢೀರನೆ ಸತ್ತಿದ್ದಾರೆಯೇ? ಹೌದು ಅಂದರೆ ಹೃದಯ ತಜ್ಞರ ಪರೀಕ್ಷೆ ಮುಗಿಯುವವರೆಗೆ ಹುಡುಗ ಹೊರಗೆ. ಈ ಔಷಧಿ ನಾಡಿ ಏರಿಸುತ್ತದೆ. ಅವಳು ಇಲ್ಲ ಅಂದಳು. ನಾನು ಟಿಕ್ ಹಾಕಿದೆ. ಎಷ್ಟು ತಾಯಂದಿರಿಗೆ ಕೇಳಿದ್ದೇನೆ ಇದನ್ನು.

ಹೋದಾಗ ಆರಿಯೆಲ್‌ಗೆ ಮೂವತ್ತೇಳು. ಆದರೆ ಅವನು ಮೀನು ಹಿಡಿಯುತ್ತಾ ಬಂಡೆಯಿಂದ ಜಾರಿ ಮುಳುಗಿದ್ದು. ಅದು ಬೇರೆ. ನೀರಿನಲ್ಲಿ ಹೋದವರು ಈ ಲೆಕ್ಕಕ್ಕೆ ಬರುವುದಿಲ್ಲ.

ಜೂನ್ 15, ಭಾನುವಾರ

ನಹುಯೆಲ್ ಹೊಸ ನಲ್ಲಿ ಹಾಕಿದ! ಪಕ್ಕದ ಮನೆಗೆ ಮರಳು ಹೊತ್ತು ಸಂಪಾದಿಸಿದ ಹಣದಲ್ಲಿ. ಹಾಕಿ, ನನ್ನನ್ನು ಕರೆದು, ತಿರುಗಿಸಿ ತೋರಿಸಿದ. ನೀರು ಬಂತು. ಇಬ್ಬರೂ ನೋಡುತ್ತಾ ನಿಂತೆವು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮತ್ತೆ ಫುಟ್‌ಬಾಲ್ ಶುರು ಮಾಡಿದ್ದಾನೆ. ಬೆಟ್ಟದ ಕೆಳಗಿನ ಮೈದಾನ. ಜೂನ್ ಚಳಿಯ ಈ ಕೊರೆಯುವ ಗಾಳಿಯಲ್ಲಿ ತೊಡೆ ಕೆಂಪಗೆ ಮಾಡಿಕೊಂಡು ಬರುತ್ತಾನೆ, ಬಾಯಿ ತುಂಬಾ ಮಾತು.

ಬೆಳಿಗ್ಗೆ ಕಾಫಿ ಹೊತ್ತಿಗೆ ಈಗ ತಾನಾಗಿಯೇ ಬಂದು ಕೂರುತ್ತಾನೆ. ಇಪ್ಪತ್ತು ನಿಮಿಷ. ಅದೂ ಇದೂ ಹೇಳುತ್ತಾನೆ. ಎಷ್ಟು ವರ್ಷವಾಗಿತ್ತು ಹೀಗೆ ಕೂತು.

ಜೂನ್ 24, ಮಂಗಳವಾರ, ಮಧ್ಯಾಹ್ನ 3

ಬರೆಯಲು ಆಗುತ್ತಿಲ್ಲ. ಆದರೂ ಬರೆಯುತ್ತೇನೆ.

ದೋನ್ಯಾ ಇರ್ಮಾ ಫ್ಲೂ ಸೂಜಿಗೆ ಬಂದಿದ್ದರು. ತೋಳು ಒರೆಸುತ್ತಾ, ಮಾತಿಗೆ ಮಾತು, ಮೊಮ್ಮಕ್ಕಳು ಕ್ಯಾಪ್ಸೂಲ್ ಸರಿಯಾಗಿ ತಗೊಳ್ಳುತ್ತಾರಾ ಅಂತ ಕೇಳಿದೆ. ಶಾಲೆಯ ದಿನ ತಾವೇ ನುಂಗಿಸುವುದಾಗಿ ಹೇಳಿದರು, ಭಾನುವಾರ ಹೊಟ್ಟೆಗೂ ರಜೆ ಬೇಕು ಅಂತ. ಯಾವ ಬಾಟಲಿ ಯಾರದ್ದು ಅಂತ ಗೊಂದಲವಾಗುವುದಿಲ್ಲವೇ ಅಂದೆ. ನಕ್ಕರು.

"ಬಾಟ್ಲಿ ಯಾಕೆ ಮಗಳೇ, ಎರಡನ್ನೂ ಬಿಸ್ಕತ್ ಡಬ್ಬಕ್ಕೆ ಸುರಿದು ಬಿಡ್ತೀನಿ. ಒಂದೇ ಮನೆ ಹುಡುಗ್ರು. ಒಬ್ಬನಿಗೊಂದು ಇನ್ನೊಬ್ಬನಿಗೊಂದು ಮಾಡಿದ್ರೆ ಜಗಳ. ಇಲ್ಲಿಗೆ ಬರೋ ದಿನ ಉಳಿದಿದ್ದನ್ನ ಸಮ ಮಾಡಿ ಹಂಚ್ತೀನಿ."

ಹದಿನೈದು, ಹದಿನೈದು. ನಾಲ್ಕು ತಿಂಗಳು ನಾನೇ ಎಣಿಸಿದೆ. ಒಮ್ಮೆಯೂ ತಲೆಗೆ ಹೋಗಲಿಲ್ಲ.

ಹಾಗಾದರೆ ನಾನು ನಹುಯೆಲ್‌ಗೆ ಕೊಟ್ಟದ್ದು ಏನು? ಒಂದು ದಿನ ಔಷಧಿ, ಒಂದು ದಿನ ಹಿಟ್ಟು? ಮೂರು ದಿನ ಹಿಟ್ಟು, ನಾಲ್ಕನೇ ದಿನ ಔಷಧಿ? ಅಥವಾ ಇಬ್ಬರದೂ ಹಿಟ್ಟೇ? ಇಬ್ಬರದೂ ಔಷಧಿಯೇ? ಡಾಕ್ಟರಿಗೆ ಈಗಲೇ ಹೇಳಬೇಕು. ಆ ಹುಡುಗರ ದೃಷ್ಟಿಯಿಂದಲಾದರೂ. ಆದರೆ ಹೇಳಿದರೆ ಮೊದಲು ಬಾಟಲಿ ಎಣಿಸುತ್ತಾರೆ, ಆಮೇಲೆ ನನ್ನ ರಿಜಿಸ್ಟರ್.

ಬಾಯಲ್ಲಿ ಬಿಸಿ ತುಪ್ಪ. ಹೇಳಲಿಲ್ಲ.

ಡಬ್ಬಿಯಲ್ಲಿ ಇನ್ನು ಮೂರೇ ಇವೆ.

ಜೂನ್ 26, ಗುರುವಾರ, ಸಂಜೆ 6

ಫುಟ್‌ಬಾಲ್ ಅಭ್ಯಾಸ ಬಿಟ್ಟು ನಹುಯೆಲ್ ಬೇಗ ಬಂದ. ಮೈದಾನದಲ್ಲಿ ಕೂತುಬಿಟ್ಟನಂತೆ. ಎದೆಯೊಳಗೆ ಏನೋ ಹಾರಿದಂತಾಯಿತಂತೆ, ನಗುತ್ತಲೇ ಹೇಳಿದ. ಕೈ ಹಿಡಿದು ನಾಡಿ ನೋಡಿದೆ. ಕೂತಲ್ಲೇ ನೂರ ಹದಿನೆಂಟು. ನಡುವೆ ಒಂದು ಬಡಿತ ತಪ್ಪಿತು. ಅಥವಾ ನನ್ನ ಬೆರಳು ಜಾರಿತು.

"ಕಾಫಿ ಜಾಸ್ತಿ ಆಯ್ತೇನೋಮ್ಮ" ಅಂದ.

ಹೂಂ ಅಂದೆ. ದೇವರೇ, ಹೂಂ ಅಂದೆ.

ಜೂನ್ 27, ಶುಕ್ರವಾರ, ಬೆಳಿಗ್ಗೆ 6.50

ನಿಲ್ಲಿಸಬೇಕು. ನಿಲ್ಲಿಸಿದರೆ ಮತ್ತೆ ಪುಡಿ. ಬೀದಿಯ ಮೂಲೆಯಲ್ಲಿ ಪುಡಿ ಮಾರುವ ಟಾಟೋ ಕಾಯುತ್ತಲೇ ಇರುತ್ತಾನೆ. ನಿಲ್ಲಿಸದಿದ್ದರೆ ಆ ನಾಡಿ.

ಕೊನೆಯದನ್ನು ಬಿಚ್ಚಿ ಅರ್ಧ ಹಾಕಿದೆ. ಅರ್ಧ ಎಂದರೆ ಎಷ್ಟು? ಯಾವುದರ ಅರ್ಧ? ಚಮಚದ ತುದಿಯಲ್ಲಿ ಬಿಳಿ ಪುಡಿ ಹಿಡಿದು ನಿಂತಿದ್ದೆ. ಅವನು ಬಚ್ಚಲಲ್ಲಿ ಹಾಡುತ್ತಿದ್ದ.

ಕುಡಿದ. ಹೋದ. ನಾಳೆ ಪಂದ್ಯ.

ಜೂನ್ 28, ಶನಿವಾರ, ಸಂಜೆ 7, ಆಸ್ಪತ್ರೆ

ಬದುಕಿದ್ದಾನೆ. ಮೊದಲು ಅದನ್ನು ಬರೆಯುತ್ತೇನೆ. ಬದುಕಿದ್ದಾನೆ.

ಎರಡನೇ ಅರ್ಧದಲ್ಲಿ ಬಿದ್ದ. ಯಾರೂ ತಾಗಲಿಲ್ಲ, ಚೆಂಡು ದೂರದಲ್ಲಿತ್ತು. ಓಡುತ್ತಿದ್ದವನು ಹಾಗೇ ಮುಖ ಕೆಳಗಾಗಿ. ಎದುರು ತಂಡದ ತರಬೇತುದಾರ ಎದೆ ಒತ್ತಿದ. ನರ್ಸು ನಾನು. ಗೆರೆಯ ಹೊರಗೆ ನಿಂತೇ ನೋಡಿದೆ.

ತುರ್ತು ವಿಭಾಗದಲ್ಲಿ ಎಳೆಯ ಡಾಕ್ಟರ್ ಒಬ್ಬ. ನಹುಯೆಲ್‌ಗೆ ಎಚ್ಚರವಾದ ಕೂಡಲೇ ಅವನ ಬೆರಳ ತುದಿಯ ಹಳೇ ಸುಟ್ಟ ಗುರುತು ನೋಡಿದ. ವಿಳಾಸ ನೋಡಿದ. ಏನು ಸೇದಿದೆ, ಎಷ್ಟು ಹೊತ್ತಿಗೆ, ಅಂತ ಕೇಳಿದ.

"ಏನೂ ಇಲ್ಲ. ಮೂವತ್ತೊಂಬತ್ತು ದಿನ ಆಯ್ತು."

ಡಾಕ್ಟರ್ ಪೆನ್ನು ಎತ್ತಲೇ ಇಲ್ಲ. ಎಲ್ಲರೂ ಹೀಗೇ ಹೇಳುತ್ತಾರೆ, ಸುಳ್ಳು ಹೇಳಿದರೆ ಚಿಕಿತ್ಸೆ ತಪ್ಪುತ್ತದೆ ಅಂದ. ನಹುಯೆಲ್ ಮತ್ತೆ ಅದನ್ನೇ ಹೇಳಿದ. ನನ್ನ ಕಡೆ ತಿರುಗಿದ.

"ಅಮ್ಮ, ನೀನಾದ್ರೂ ಹೇಳು. ನಾನೇನೂ ತಗೊಂಡಿಲ್ಲ ಅಂತ ಹೇಳು."

ಹೊರಗೆ ಬಂದುಬಿಟ್ಟೆ. ಹೌದು, ಮಗನನ್ನು ಹಾಗೇ ಬಿಟ್ಟು ಹೊರಗೆ ಬಂದೆ.

ಕಾರಿಡಾರಿನಲ್ಲಿ ಪೊಚೋ ನಿಂತಿದ್ದ. ಆರಿಯೆಲ್ ಜೊತೆ ಮೀನಿಗೆ ಹೋಗುತ್ತಿದ್ದವನು, ಅವನು ಹೋದ ದಿನವೂ ಜೊತೆಗಿದ್ದವನು. ಸುದ್ದಿ ಕೇಳಿ ಓಡಿಬಂದಿದ್ದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

"ಅವರಪ್ಪನ ಥರಾನೇ ಬಿದ್ನಂತಲ್ಲ, ಮಿರ್ತಾ."

ಅವರಪ್ಪ ಜಾರಿ ಬಿದ್ದದ್ದು, ಅಂದೆ.

"ಜಾರಲಿಲ್ಲ ಕಣಮ್ಮ. ಎದೆ ಹಿಡ್ಕೊಂಡ. ಆಮೇಲೆ ನೀರಿಗೆ ಬಿದ್ದ. ಅವನು ಕುಡಿದಿದ್ದ, ಅದಕ್ಕೇ ಬಿದ್ದ ಅಂತ ಜನ ಆಡ್ಕೋಬಾರ್ದು ಅಂತ ಜಾರಿದ ಅಂದ್ಬಿಟ್ಟೆ. ನಿನಗೂ ಅದೇ ಹೇಳಿದೆ."

ಹದಿನಾಲ್ಕನೇ ಪ್ರಶ್ನೆ. ಊರ ತಾಯಂದಿರಿಗೆಲ್ಲ ಕೇಳಿದೆ. ನನಗೆ ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೂ ಇಲ್ಲ ಅನ್ನುತ್ತಿದ್ದೆ. ಆದರೆ ಅರ್ಜಿ ತುಂಬಿದ ಪ್ರತಿ ಹುಡುಗನಿಗೂ ಇಸಿಜಿ ತೆಗೆಯುತ್ತೇವೆ. ನನ್ನ ಹುಡುಗನಿಗೆ ಅದೂ ಇಲ್ಲ.

ಒಳಗೆ ಹೋದೆ. ಹೇಳಿದೆ. ಡಾಕ್ಟರಿಗೆ ಹೇಳುತ್ತಿದ್ದೆ, ನಹುಯೆಲ್ ಕೇಳುತ್ತಿದ್ದ. ಮೇ ಹನ್ನೆರಡರಿಂದ. ಕಾಫಿಯಲ್ಲಿ. ನಿನ್ನೆ ಬೆಳಿಗ್ಗೆ ಅರ್ಧ. ಅಜ್ಜಿಯ ಡಬ್ಬದ ವಿಷಯ. ಅವನು ಸೇದಿಲ್ಲ, ನಿಜ ಹೇಳುತ್ತಿದ್ದಾನೆ, ಸುಳ್ಳು ನನ್ನದು.

ಈಗ ಡಾಕ್ಟರ್ ಪೆನ್ನು ಎತ್ತಿದ.

ನಹುಯೆಲ್ ಗೋಡೆಯ ಕಡೆ ತಿರುಗಿ ಮಲಗಿದ್ದಾನೆ. ಮಾನಿಟರ್ ಬೀಪ್ ಬೀಪ್ ಅನ್ನುತ್ತಿದೆ. ಪ್ರತಿ ಬೀಪ್ ಎಣಿಸುತ್ತಿದ್ದೇನೆ.

ಜೂನ್ 29, ಭಾನುವಾರ

ಡಾಕ್ಟರ್ ಎಚೆವೆರಿ ರಜಾದಿನವೂ ಬಂದರು. ಗುಟ್ಟಿನ ಪಟ್ಟಿ ತೆರೆಸಿದ್ದರು. ಎಲ್ಬಿಯೋಗೆ ಬಂದದ್ದು ಹಿಟ್ಟು. ವಾಷಿಂಗ್ಟನ್‌ಗೆ ಔಷಧಿ. ಎರಡೂ ಬಿಸ್ಕತ್ ಡಬ್ಬದಲ್ಲಿ ಬೆರೆತವು. ನನ್ನ ಮಗನ ಕಪ್ಪಿಗೆ ಯಾವ ದಿನ ಯಾವುದು ಬಿತ್ತು, ಯಾವ ಪಟ್ಟಿಯೂ ಹೇಳುವುದಿಲ್ಲ.

ಹೃದಯದ ಡಾಕ್ಟರ್ ಇಸಿಜಿ ತೋರಿಸಿದರು. ಹುಟ್ಟಿನಿಂದಲೇ ಇರುವ ದೋಷ. ಬಡಿತಕ್ಕೆ ಅಪ್ಪಣೆ ಕೊಡುವ ವ್ಯವಸ್ಥೆಯೇ ತಪ್ಪಿದೆ. ಅಪ್ಪನಿಂದ ಬಂದಿರಬೇಕು. ಮಾತ್ರೆ ಇದೆ, ಬದುಕಬಹುದು, ಓಡುವ ಹಾಗಿಲ್ಲ. ಇಂಥ ಹೃದಯಕ್ಕೆ ಯಾವತ್ತೂ ಕೊಡಬಾರದ ಔಷಧಿಗಳ ಪಟ್ಟಿ ಕೊಟ್ಟರು. ನಮ್ಮದು ಮೂರನೇ ಸಾಲಿನಲ್ಲಿತ್ತು.

"ಬೀಳದೇ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ" ಅಂದರು, ಸಮಾಧಾನಕ್ಕೆ. ಈ ಸಮಾಧಾನವನ್ನು ನಾನು ತೆಗೆದುಕೊಳ್ಳುವುದಿಲ್ಲ. ಅದು ನನ್ನದಲ್ಲ.

ಡಾಕ್ಟರ್ ಎಚೆವೆರಿ ಬೈಯಲಿಲ್ಲ. ಹೋಗುವಾಗ ಕ್ಲಿನಿಕ್ಕಿನ ಬೀಗದ ಕೈ ಕೇಳಿದರು. ಕೊಟ್ಟೆ.

ಜುಲೈ 3, ಗುರುವಾರ, ಮಧ್ಯಾಹ್ನ

ನಿನ್ನೆ ಮನೆಗೆ ಬಂದ. ಸಾರು ಮಾಡಿದೆ. ಮುಟ್ಟಲಿಲ್ಲ. ಇವತ್ತು ಮಳೆ, ಹಿಟ್ಟು ನಾದಿ ರೊಟ್ಟಿ ಕರಿದೆ. ಚಿಕ್ಕಂದಿನಿಂದ ಮಳೆ ಬಂದರೆ ಅವನಿಗೆ ಅದೇ. ತಟ್ಟೆ ಹಾಗೇ ಆರಿತು.

ಎದುರಿಗೆ ಕೂತು ಕ್ಷಮಿಸು ಅಂದೆ. ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ, ಸಿಟ್ಟೇ ಇಲ್ಲದೆ—

"ಟಾಟೋ ಆದ್ರೂ ಬೇಕಾ ಅಂತ ಕೇಳ್ತಾನಮ್ಮ."

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಇನ್ನೊಂದು ಮಾತೂ ಹೇಳಿದ. ಆ ಮೂವತ್ತೊಂಬತ್ತು ದಿನ ತಾನೇ ಗೆದ್ದದ್ದು ಅಂದುಕೊಂಡಿದ್ದನಂತೆ. ಈಗ ಅದು ಅವನದೋ ಕ್ಯಾಪ್ಸೂಲಿನದೋ ಗೊತ್ತಿಲ್ಲವಂತೆ. ಹಿಟ್ಟೂ ಇತ್ತಲ್ಲ ಕಂದ, ಹಿಟ್ಟಿನ ದಿನ ನೀನೇ ಅಲ್ಲವೇ ಗೆದ್ದದ್ದು ಅಂದೆ. ಯಾವ ದಿನ ಅಂತ ಕೇಳಿದ.

ಕ್ಯಾಲೆಂಡರ್ ಗೋಡೆಯಲ್ಲಿಲ್ಲ.

ಜುಲೈ 8, ಮಂಗಳವಾರ

ಕೆಲಸ ಹೋಯಿತು. ವಿಚಾರಣೆ ನಡೆಯುತ್ತದಂತೆ. ನಡೆಯಲಿ. ಅಣ್ಣತಮ್ಮಂದಿರನ್ನು ಅಧ್ಯಯನದಿಂದ ತೆಗೆದಿದ್ದಾರೆ. ಇಬ್ಬರಿಗೂ ಡಾಕ್ಟರೇ ಬೇರೆಯಾಗಿ ಚಿಕಿತ್ಸೆ ಮುಂದುವರಿಸುತ್ತಾರಂತೆ. ಇದನ್ನು ತಿಳಿಸಲು ದೋನ್ಯಾ ಇರ್ಮಾ ಬೆಟ್ಟ ಹತ್ತಿ ಬಂದಿದ್ದರು. ಬಾಗಿಲಲ್ಲೇ ನಿಂತು ಅತ್ತರು. ತಮ್ಮ ಡಬ್ಬದಿಂದಲೇ ಇಷ್ಟೆಲ್ಲ ಆಯಿತು ಅಂತ. ಅಲ್ಲ ಅಮ್ಮ, ನೀವು ಹಂಚಿದಿರಿ, ನಾನು ಕದ್ದೆ ಅಂದೆ.

ನಹುಯೆಲ್ ಅಂಗಡಿಯಿಂದ ಮುಚ್ಚಿದ ಪೊಟ್ಟಣದ ಬಿಸ್ಕತ್ತು ತಂದುಕೊಳ್ಳುತ್ತಾನೆ. ಮೊಟ್ಟೆ ತಾನೇ ಬೇಯಿಸುತ್ತಾನೆ, ತಾನೇ ಸುಲಿಯುತ್ತಾನೆ. ಹೃದಯದ ಮಾತ್ರೆಯನ್ನು ಬೆಳಕಿಗೆ ಹಿಡಿದು, ಅಕ್ಷರ ಓದಿ ನುಂಗುತ್ತಾನೆ. ನಲ್ಲಿಯ ನೀರು ಮಾತ್ರ ಕುಡಿಯುತ್ತಾನೆ. ಅವನು ಹಾಕಿದ ನಲ್ಲಿ.

ಸಂಜೆ ಮೂಲೆಯಲ್ಲಿ ಟಾಟೋ ಜೊತೆ ನಿಂತಿದ್ದ. ಕಿಟಕಿಯಿಂದ ನೋಡಿದೆ. ಹತ್ತು ನಿಮಿಷ. ಕೈ ಚಾಚಲಿಲ್ಲ. ಇವತ್ತು ಚಾಚಲಿಲ್ಲ.

ಜುಲೈ 20, ಭಾನುವಾರ, ಬೆಳಿಗ್ಗೆ 9

ಹೃದಯದ ಡಾಕ್ಟರ್ ತೆಳ್ಳಗಿನ ಯೆರ್ಬಾ ಸ್ವಲ್ಪ ಕುಡಿಯಬಹುದು ಅಂದಿದ್ದಾರೆ. ಆರಿಯೆಲ್‌ನ ಸೋರೆಬುರುಡೆ ತೆಗೆದೆ. ತೊಳೆದೆ. ನೀರು ಕುದಿಯುವ ಮೊದಲೇ ಇಳಿಸಿದೆ. ಎಲೆ ಅರ್ಧಕ್ಕೆ ಮಾತ್ರ. ಎಲ್ಲವನ್ನೂ ಮೇಜಿನ ಮೇಲೆ, ಕಾಣುವ ಹಾಗೆ.

ನಹುಯೆಲ್ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ.

ಮೊದಲ ಗುಟುಕು ನಾನು ಕುಡಿದೆ. ಗೊರಗೊರ ಸದ್ದು ಬರುವವರೆಗೆ, ತಳದವರೆಗೆ. ಮತ್ತೆ ನೀರು ಹೊಯ್ದು ಅವನ ಕಡೆ ಚಾಚಿದೆ. "ಬೇಕಾ?" ಅಂದೆ. ಮೊದಲ ಸಲ ಕೇಳಿದೆ.

"ಇನ್ನೊಂದು ನೀನೇ ಕುಡಿ."

ಕುಡಿದೆ. ನೀರು ಹೊಯ್ದು ಚಾಚಿದೆ.

"ಇನ್ನೊಂದು."

ಕುಡಿದೆ. ನಾಲಿಗೆ ಸುಟ್ಟಿತು. ನಿನ್ನ ಇಷ್ಟ, ದಿನವಿಡೀ ಕುಡಿಸು ಅಂದುಕೊಂಡೆ. ನಾಲ್ಕನೆಯದನ್ನು ಚಾಚಿದಾಗ ಕೈ ಮುಂದೆ ಬಂತು. ತೆಗೆದುಕೊಂಡ. ಎರಡೂ ಅಂಗೈಯಲ್ಲಿ ಹಿಡಿದಿದ್ದಾನೆ. ಒಳಗೆ ಇಣುಕುತ್ತಿದ್ದಾನೆ.

ಅವನ ಮುಖ ನೋಡಲು ಧೈರ್ಯವಿಲ್ಲ. ಅದಕ್ಕೇ ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಆ ಗೊರಗೊರ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೇನೆ. ಇನ್ನೂ ಇಲ್ಲ. ಕುರ್ಚಿ ಎಳೆದ. ಎದುರಿಗೇ ಕೂತ. ಕೊಳವೆಗೆ ತುಟಿ—